ಕಂಬಳಿಯ ಮಡಿಕೆಯಲ್ಲಿ ಕರಪತ್ರ ಬೇಡ

ರಾಜ್ಯದ ಸಭೆಗಳ ಯುವಜನ ಸಂಘಗಳಿಗೆ ಒಂದು ಬಹಿರಂಗ ಪತ್ರ



ನವೆಂಬರ್ ಬಂತೆಂದರೆ ನಿಮ್ಮ ಸಂಘಗಳಲ್ಲಿ ಎರಡು ಪಟ್ಟಿಗಳು ತಯಾರಾಗುತ್ತವೆ. ಒಂದು, ಕ್ಯಾರಲ್ ತಂಡ ಯಾವ ರಾತ್ರಿ ಯಾರ ಮನೆಗೆ ಎಂಬುದು. ಇನ್ನೊಂದು ಸೇವಾಕಾರ್ಯದ್ದು: ಜಿಲ್ಲಾಸ್ಪತ್ರೆಯಲ್ಲಿ ಬ್ರೆಡ್ಡು-ಹಣ್ಣು, ಬಸ್ ನಿಲ್ದಾಣದಲ್ಲಿ ಮಲಗಿದವರಿಗೆ ಕಂಬಳಿ, ಅನಾಥಾಲಯದಲ್ಲಿ ಕೇಕು. ಮೊದಲನೆಯ ಪಟ್ಟಿಯ ಬಗ್ಗೆ ನನ್ನ ತಕರಾರೇನಿಲ್ಲ, ರಾತ್ರಿ ಎರಡಕ್ಕೆ ಬಂದು ಡ್ರಮ್ಮು ಬಡಿಯುವುದೊಂದನ್ನು ಬಿಟ್ಟು. ಈ ಪತ್ರ ಎರಡನೆಯದರ ಕುರಿತು.

ಕಂಬಳಿ ಕೊಡಿ. ಅದರ ಮಡಿಕೆಯಲ್ಲಿ ಕರಪತ್ರ ಇಡಬೇಡಿ. ಹಣ್ಣಿನ ಚೀಲದ ಮೇಲೆ ವಾಕ್ಯ ಅಚ್ಚು ಹಾಕಿಸಬೇಡಿ. ಬ್ಯಾನರ್ ಬೇಡ, ಕೊಡುವ ಕೈ ಮತ್ತು ತಗೊಳ್ಳುವ ಮುಖ ಎರಡೂ ಕಾಣುವ ಹಾಗೆ ಫೋಟೊ ಬೇಡ. ಇದನ್ನು ಓದಿದ ಕೂಡಲೇ ನಿಮ್ಮಲ್ಲಿ ಕೆಲವರು, 'ಆಂಟಿಗೆ ಹೆದರಿಕೆ' ಎನ್ನುತ್ತೀರಿ. ಕಾನೂನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಕಾನೂನೇ ಇಲ್ಲದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ.

ನಾನು ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದವನ ಹತ್ತಿರ ಹೋಗಿ ಎರಡು ಕಿತ್ತಳೆ ಕೊಟ್ಟು, 'ನಿಮಗಾಗಿ ಪ್ರಾರ್ಥನೆ ಮಾಡಲೇ?' ಎಂದು ಕೇಳಿದರೆ ಆತ ತಲೆಯಾಡಿಸುತ್ತಾನೆ. ಇನ್ನೇನು ಮಾಡಿಯಾನು? ಎದ್ದು ಹೋಗುವ ಹಾಗಿಲ್ಲ. ಕೈಯಲ್ಲಿ ನಿಮ್ಮ ಹಣ್ಣಿದೆ. ಕೊಟ್ಟವರ ಮುಖಕ್ಕೆ ಬೇಡ ಎನ್ನುವುದು ನಮ್ಮ ಕಡೆಯವರಿಗೆ ಬರುವುದಿಲ್ಲ. ಮೇಲಾಗಿ ಈ ಆಸ್ಪತ್ರೆಯಲ್ಲಿ ಇವರ ಮಾತು ನಡೆಯುತ್ತದೋ ಏನೋ, ಬೇಡ ಎಂದರೆ ನಾಳೆ ಡಾಕ್ಟರು ಸರಿಯಾಗಿ ನೋಡುತ್ತಾರೋ ಇಲ್ಲವೋ ಎಂಬ ಅಳುಕು ಬೇರೆ. ದಾಕ್ಷಿಣ್ಯದ ತಲೆಯಾಟವನ್ನು ಹೃದಯ ತೆರೆದದ್ದೆಂದು ಎಣಿಸಿ, ಭಾನುವಾರ ಆರಾಧನೆಯಲ್ಲಿ 'ಇಷ್ಟು ಆತ್ಮಗಳಿಗೆ ಸುವಾರ್ತೆ ಮುಟ್ಟಿತು' ಎಂದು ವರದಿ ಓದುವವರನ್ನು ಕಂಡಾಗ ಆ ಹಾಸಿಗೆಯವರ ಮುಖಗಳು ನನಗೆ ನೆನಪಾಗುತ್ತವೆ.

ನೀವು ಸತ್ಯವೇದದ ಮಾತು ಕೇಳುವವರು, ಅಲ್ಲಿಗೇ ಹೋಗೋಣ. ಲೂಕನ ಸುವಾರ್ತೆ ಹದಿನೇಳನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗವಿದೆ. ಹತ್ತೂ ಜನ ಗುಣವಾದರು. ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬ, ಅವನೂ ಸಮಾರ್ಯದವನು. ಈ ಭಾಗದ ಮೇಲೆ ನಾನು ಕೇಳಿದ ಪ್ರಸಂಗಗಳೆಲ್ಲ ಆ ಒಬ್ಬನ ಕೃತಜ್ಞತೆಯ ಮೇಲೆ. ಉಳಿದ ಒಂಬತ್ತು ಮಂದಿಯ ಗತಿ? ಯೇಸು ಅವರೆಲ್ಲಿ ಎಂದು ಕೇಳಿದನು, ಬೇಸರವೂ ಇದ್ದಿರಬಹುದು, ಆದರೆ ಕೊಟ್ಟ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ. ಅವರ ಚರ್ಮ ಶುದ್ಧವಾಗಿಯೇ ಉಳಿಯಿತು. ಯೆರಿಕೋ ದಾರಿಯ ಸಮಾರ್ಯದವನನ್ನೇ ನೋಡಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರದವನಿಗೆ ಎರಡು ದಿನಾರಿ ಕೊಟ್ಟ, ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆಂದ. ಗೆರಿಜೀಮ್ ಬೆಟ್ಟದ ಆರಾಧನೆಯೇ ಸರಿ, ಯೆರೂಸಲೇಮಿನದು ತಪ್ಪು ಎಂದು ಆ ಅರೆಜೀವದವನ ಕಿವಿಯಲ್ಲಿ ಹೇಳಲಿಲ್ಲ. ಹೇಳಬಹುದಿತ್ತು, ಯೆಹೂದ್ಯರಿಗೂ ಸಮಾರ್ಯದವರಿಗೂ ಜಗಳವಿದ್ದದ್ದೇ ಅದರ ಮೇಲೆ.

ಇನ್ನು ಚರಿತ್ರೆ. ನಮ್ಮ ಪಕ್ಕದ ತೆಲುಗು ನಾಡಿನ ಒಂದು ಪ್ರಸಂಗ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. 1876ರಿಂದ 78ರವರೆಗೆ ದಕ್ಷಿಣದಲ್ಲಿ ಮಹಾಕ್ಷಾಮ. ಮೈಸೂರು, ಬಳ್ಳಾರಿಗಳೂ ಅದರಲ್ಲಿ ಬೆಂದವು. ಆಗ ಒಂಗೋಲಿನಲ್ಲಿ ಜಾನ್ ಕ್ಲೌ ಎಂಬ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಇದ್ದರು. ಪಾದ್ರಿಯಾಗುವ ಮೊದಲು ಭೂಮಾಪನದ ಕೆಲಸ ಕಲಿತಿದ್ದವರು. ಸರ್ಕಾರ ಬರ ಪರಿಹಾರವೆಂದು ಬಕಿಂಗ್‌ಹ್ಯಾಮ್ ಕಾಲುವೆ ತೋಡಿಸುತ್ತಿತ್ತು. ಪರಿಹಾರದ ಕೆಲಸವೆಂದರೆ ಬಡವರಿಗೆ, ಅದರಲ್ಲೂ ಮಾದಿಗರಿಗೆ, ಮೇಸ್ತ್ರಿಗಳ ಕೈಯಲ್ಲಿ ಹೊಡೆತ ಮತ್ತು ಅರ್ಧ ಕೂಲಿ. ಕ್ಲೌ ಅವರು ಮೂರು ಮೈಲಿಗೂ ಮಿಕ್ಕ ಕಾಲುವೆಯ ಗುತ್ತಿಗೆಯನ್ನು ತಾವೇ ಹಿಡಿದರು. ತಮ್ಮ ತೆಲುಗು ಬೋಧಕರನ್ನೇ ಮೇಲ್ವಿಚಾರಕರನ್ನಾಗಿ ನಿಲ್ಲಿಸಿ ಬಂದವರಿಗೆಲ್ಲ ಕೆಲಸ ಕೊಟ್ಟರು, ಕೂಲಿ ಸರಿಯಾಗಿ ಕೊಟ್ಟರು. ದೀಕ್ಷಾಸ್ನಾನ ಕೊಡಿ ಎಂದು ಜನ ಗುಂಪುಗುಂಪಾಗಿ ಬಂದಾಗ ಮಾತ್ರ, ಈಗ ಕೊಡುವುದಿಲ್ಲ ಎಂದರು. ಒಂದು ವರ್ಷಕ್ಕೂ ಮೀರಿ ಕೊಡಲಿಲ್ಲ. ಕೈಯಲ್ಲಿ ಪರಿಹಾರದ ಹಣ ಇರುವವರೆಗೆ, ಬಂದವರು ಹಸಿವಿನಿಂದ ಬಂದರೋ ನಂಬಿಕೆಯಿಂದ ಬಂದರೋ ತಿಳಿಯುವ ಬಗೆಯಿಲ್ಲ ಎಂಬುದು ಅವರ ಲೆಕ್ಕ.

ಹಣ ಮುಗಿಯಿತು. ಕೊಡಲು ಏನೂ ಇಲ್ಲ, ಬರಬೇಡಿ ಎಂದು ಹೇಳಿ ಕಳಿಸಿದರೂ ಜನ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನವಾಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಸಂಖ್ಯೆ ಒಂಬತ್ತು ಸಾವಿರ ದಾಟಿತ್ತು.

ಈ ಅಂಕಿಯನ್ನು ಉತ್ಸವದ ಭಾಷಣಗಳಲ್ಲಿ ಗುಡುಗಿಸುತ್ತಾರೆ. ನನಗೆ ಬೇಕಾದದ್ದು ಅದಕ್ಕಿಂತ ಮುಂಚಿನ ಸೊನ್ನೆಯ ತಿಂಗಳುಗಳು. ಅಷ್ಟು ಕಾಲ ಬೇಡ ಎನ್ನಲು ಆ ಮನುಷ್ಯನಿಗೆ ಎಷ್ಟು ಎದೆಗಾರಿಕೆ ಬೇಕಾಗಿತ್ತು! ಹಾಗೆಂದು ಅದೂ ಪೂರ್ತಿ ಮಡಿಯಾದ ಕತೆ ಎನ್ನಲಾರೆ. ಕಾಲುವೆಯಲ್ಲಿ ಮಣ್ಣು ಹೊತ್ತು ದಣಿದು ಕೂತವರಿಗೆ ಆ ಬೋಧಕರು ಬಿಡುವಿನಲ್ಲಿ ಯೇಸುವಿನ ವಿಷಯ ಹೇಳುತ್ತಿದ್ದದ್ದು ನಿಜ. ಅನ್ನ ಕೊಟ್ಟವರ ಋಣ ಹಣ ಮುಗಿದ ತಿಂಗಳಿಗೇ ತೀರಿಹೋಗುತ್ತದೆಯೇ ಎಂಬ ಪ್ರಶ್ನೆಯೂ ಹಾಗೇ ಉಳಿಯುತ್ತದೆ. ಇನ್ನೊಂದು ಕಡೆ, ಮೇಸ್ತ್ರಿಯ ಕೋಲಿನ ಕೆಳಗೆ ಬಾಳಿದ ಮಾದಿಗರು ತಮ್ಮನ್ನು ಮನುಷ್ಯರಂತೆ ಕಂಡ ಗುಂಪಿಗೆ ಸೇರಿದ್ದನ್ನು ಬರೀ ಹಸಿವಿನ ಲೆಕ್ಕಕ್ಕೆ ಬರೆಯುವುದು ಅವರ ಬುದ್ಧಿಗೇ ಅವಮಾನ. ಮರ್ಯಾದೆ ಎಲ್ಲಿದೆ ಎಂದು ಗುರುತಿಸಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಮ್ಮ ಕರಾವಳಿಗೆ ಬನ್ನಿ. ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಕಾರ್ಖಾನೆಗಳ ಬಗ್ಗೆ ನೀವು ಹೆಮ್ಮೆ ಪಡುತ್ತೀರಿ, ಪಡಬೇಕಾದ್ದೇ. ಆದರೆ ಅವು ಹುಟ್ಟಿದ ಕಾರಣ ಮರೆಯಬೇಡಿ. ಸಭೆಗೆ ಸೇರಿದವನಿಗೆ ಜಾತಿಯ ಕಸುಬು ತಪ್ಪುತ್ತಿತ್ತು, ಗೇಣಿಗೆ ಕೊಟ್ಟ ಗದ್ದೆಯನ್ನು ಧಣಿ ಬಿಡಿಸುತ್ತಿದ್ದ, ಕುಟುಂಬ ಮನೆಯಿಂದ ಹೊರಗೆ ಹಾಕುತ್ತಿತ್ತು. ಕಳ್ಳು ಇಳಿಸುವುದನ್ನು ಮಿಷನ್ನೇ ಒಪ್ಪದ ಕಾರಣ ಬಿಲ್ಲವರಿಂದ ಬಂದವರಿಗೆ ಎರಡೂ ಕಡೆಯಿಂದ ಬಾಗಿಲು ಮುಚ್ಚಿತು. ಹೊಟ್ಟೆಗೇನು? ಅದಕ್ಕೆ ಉತ್ತರವಾಗಿ ಅಚ್ಚುಕೂಟ, ನೇಯ್ಗೆ, 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆ. ನೇತ್ರಾವತಿಯ ಆವೆಮಣ್ಣು ಸಾಕಷ್ಟಿತ್ತು, ದೋಣಿಗೆ ಹೊಳೆಯಿತ್ತು, ಸುಡಲು ಕಾಡಿನ ಸೌದೆಯಿತ್ತು. ಕೊಡುವವರು ನಾವು, ಬೇಡುವವರು ಅವರು ಎಂಬ ಏರ್ಪಾಡನ್ನು ಮುರಿದು ದುಡಿದ ಸಂಬಳ ಕೊಟ್ಟದ್ದು ದೊಡ್ಡ ಕೆಲಸ. ಅಷ್ಟೇ ದೊಡ್ಡ ತೊಡಕೂ ಅದರಲ್ಲೇ ಇತ್ತು: ಧಣಿಯೂ ಪಾದ್ರಿಯೂ ಒಂದೇ ಬಂಗಲೆಯವರಾದಾಗ, ಭಾನುವಾರ ಆರಾಧನೆಗೆ ಬಂದವನು ದೇವರಿಗಾಗಿ ಬಂದನೋ ಸೋಮವಾರದ ಕೆಲಸಕ್ಕಾಗಿ ಬಂದನೋ? ಈ ಗುಮಾನಿಯ ನೆರಳು ನಮ್ಮ ಅಜ್ಜ-ಅಜ್ಜಿಯರ ಕಾಲದವರೆಗೂ ಬಂತು. 'ಮಿಷನ್ ಅನ್ನ ತಿಂದವರು' ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೇಳದವರು ಕಡಿಮೆ.

ಇಷ್ಟರ ನಡುವೆ ಹಂಚು ಮಾತ್ರ ಎಲ್ಲ ಗುಮಾನಿಯಿಂದ ತಪ್ಪಿಸಿಕೊಂಡಿತು. ದೇವಸ್ಥಾನದ ಮೇಲೂ ಕೂತಿತು, ಮಸೀದಿಯ ಮೇಲೂ ಕೂತಿತು, ಶಾಲೆ, ರೈಲ್ವೆ ಸ್ಟೇಷನ್, ಹೊಲೆಯರ ಕೇರಿ, ಗುತ್ತಿನ ಮನೆ ಎಲ್ಲೆಡೆ ಮಳೆ ತಡೆಯಿತು. ಕಿಟ್ಟೆಲ್ ಅವರ ನಿಘಂಟೂ ಹಾಗೆಯೇ. 1894ರಲ್ಲಿ ಅದೇ ಮಿಷನ್ನಿನ ಅಚ್ಚುಕೂಟದಿಂದ ಹೊರಬಂದ ಆ ಪುಸ್ತಕ ತೆರೆದು ಪದ ಹುಡುಕಿದ ಯಾವ ಕನ್ನಡ ಪಂಡಿತರನ್ನೂ ಯಾರೂ ದೀಕ್ಷಾಸ್ನಾನಕ್ಕೆ ಕರೆಯಲಿಲ್ಲ.

ಕಂಕನಾಡಿಯ ಫಾದರ್ ಮುಲ್ಲರ್ ಅವರ ಹೆಸರು ನಿಮಗೆ ಆಂಬ್ಯುಲೆನ್ಸಿನ ಮೇಲಾದರೂ ಗೊತ್ತಿರಬೇಕು. ಅಗಸ್ಟಸ್ ಮುಲ್ಲರ್, ಜರ್ಮನಿಯ ಜೆಸ್ವಿಟ್ ಗುರು. 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧ ಕೊಡಲು ಕೂತರು. ಹತ್ತು ವರ್ಷದ ಮೇಲೆ, 1890ರಲ್ಲಿ, ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬರೀ ದಾನವನ್ನು ನೆಚ್ಚಿಕೊಳ್ಳದೆ ಔಷಧ ಮಾರಿಬಂದ ಹಣವನ್ನು ಬಡರೋಗಿಗಳಿಗೆ ಹಾಕಿದರು. ಸೇವೆಗೂ ವ್ಯವಹಾರ ಜ್ಞಾನ ಬೇಕೆಂಬುದಕ್ಕೆ ಇದನ್ನು ನೆನಪಿಡಿ. ಗುಣಪಡಿಸು, ಸಾಂತ್ವನಗೊಳಿಸು ಎಂಬುದು ಇವತ್ತಿಗೂ ಆ ಸಂಸ್ಥೆಯ ಧ್ಯೇಯವಾಕ್ಯ. ಇವೆರಡು ಕ್ರಿಯಾಪದಗಳ ಪಕ್ಕದಲ್ಲಿ ಮೂರನೆಯದೊಂದನ್ನು ಅವರು ಸೇರಿಸಲಿಲ್ಲ. ಉಡುಪಿಯಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ತೆರೆದ ಆಸ್ಪತ್ರೆಗೆ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ಜನ ಇಟ್ಟ ಹೆಸರು ಒಂದೇ: ಮಿಷನ್ ಆಸ್ಪತ್ರೆ. ಮಡಿವಂತ ಮನೆಗಳ ಹೆಂಗಸರೂ ಹೆರಿಗೆಗೆ ಅಲ್ಲಿಗೇ ಬರುತ್ತಿದ್ದರು. ಬಂದು, ಹೆತ್ತು, ಬಾಣಂತನಕ್ಕೆ ತವರಿಗೆ ಹೋಗುತ್ತಿದ್ದರು. ಮಗುವಿಗೆ ತಮ್ಮ ಮನೆದೇವರ ಹೆಸರನ್ನೇ ಇಡುತ್ತಿದ್ದರು. ಇದರಲ್ಲಿ ಸೋಲು ಕಾಣುವವರು ಒಂಬತ್ತು ಕುಷ್ಠರೋಗಿಗಳ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ಈ ದಯೆಯನ್ನು ಹೊರಗಿನವರು ಬಹಳ ಹಿಂದೆಯೇ ಗಮನಿಸಿದ್ದಾರೆ. ನಾಲ್ಕನೆಯ ಶತಮಾನದಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್ ಕ್ರೈಸ್ತ ಮತ ಬಿಟ್ಟು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿಹಿಡಿಯಲು ಹೊರಟಾಗ, ಗಲಾತ್ಯದ ಮುಖ್ಯ ಅರ್ಚಕನಿಗೆ ಕಾಗದ ಬರೆದು ಗೊಣಗಿದ: ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಾವೂ ಛತ್ರಗಳನ್ನು ಕಟ್ಟಬೇಕು ಎಂದು. ವಿರೋಧಿಯ ಬಾಯಿಂದ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಸಿಗಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಗಾಂಧೀಜಿ ಬೇರೆ ಮಾತು ಹೇಳಿದರು. ಯೇಸುವಿನ ಪರ್ವತ ಪ್ರಸಂಗವನ್ನು ಅಷ್ಟು ಪ್ರೀತಿಸಿದವರು, ಆಸ್ಪತ್ರೆ-ಶಾಲೆಗಳ ಹಿಂದೆ ಮತಾಂತರದ ಉದ್ದೇಶ ಇರುವುದನ್ನು ಮಾತ್ರ ಕಡೆಯವರೆಗೂ ಒಪ್ಪಲಿಲ್ಲ. ಸೇವಾಗ್ರಾಮದಲ್ಲಿ ಕುಷ್ಠರೋಗಿ ಪರಚುರೆ ಶಾಸ್ತ್ರಿಗಳ ಹುಣ್ಣುಗಳನ್ನು ತಮ್ಮ ಕೈಯಾರೆ ತೊಳೆದವರು ಅವರು. ಟೀಕೆ ಅಂಥವರಿಂದ ಬಂದಾಗ ಕೆರಳುವುದಕ್ಕಿಂತ ಕಿವಿಗೊಡುವುದು ಒಳ್ಳೆಯದು. ಗಾಳಕ್ಕೆ ಸಿಕ್ಕಿಸಿದ ಎರೆಹುಳು ಮೀನಿಗೆ ಊಟವೇ ಸರಿ, ಆದರೆ ಅದನ್ನು ದಾನವೆಂದು ಯಾವ ಬೆಸ್ತನೂ ಕರೆಯುವುದಿಲ್ಲ.

ಈಗ ಕಾನೂನು. ಮತಪ್ರಚಾರದ ಹಕ್ಕು ಸಂವಿಧಾನದ 25ನೆಯ ವಿಧಿಯಲ್ಲಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟೆನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇವನ್ನೆಲ್ಲ ಆಮಿಷದ ಪಟ್ಟಿಗೆ ಸೇರಿಸಿತು. ಮರುವರ್ಷ ಬಂದ ಸರ್ಕಾರದ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ಆ ಕಾಯ್ದೆ ತೀರಾ ಅಗಲವಾದ ಬಲೆ, ಪ್ರಾರ್ಥನೆಗೆ ಕೂತವರನ್ನು ಹೆದರಿಸಲು ಕೆಲವರಿಗೆ ನೆಪವಾಯಿತು ಎಂಬುದು ನನ್ನ ಅಭಿಪ್ರಾಯ. ಆದರೂ ಪೊಲೀಸಿನವರ ಭಯದಿಂದ ಕರಪತ್ರವನ್ನು ಚೀಲದಿಂದ ತೆಗೆದು, ಮನಸ್ಸಿನಲ್ಲಿ ಇಟ್ಟುಕೊಂಡರೆ ನಾನು ಹೇಳುತ್ತಿರುವುದು ನಿಮಗೆ ಮುಟ್ಟಲಿಲ್ಲವೆಂದೇ ಅರ್ಥ.

'ಹಾಗಾದರೆ ಸುವಾರ್ತೆ ಹೇಳುವುದು ಯಾವಾಗ?' ನಿಮ್ಮ ನ್ಯಾಯವಾದ ಪ್ರಶ್ನೆ. ಕೇಳಿದಾಗ ಹೇಳಿ. ಪೇತ್ರನ ಮೊದಲನೆಯ ಪತ್ರ, ಮೂರನೆಯ ಅಧ್ಯಾಯ: ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದೂ ಸಾತ್ವಿಕತ್ವದಿಂದ ಎಂಬರ್ಥದ ಬುದ್ಧಿಮಾತು ಅಲ್ಲಿದೆ. ಪ್ರಶ್ನೆ ಮೊದಲು, ಉತ್ತರ ಆಮೇಲೆ. ನಮ್ಮವರು ಪ್ರಶ್ನೆಯೇ ಬಾರದ ಕಡೆ ಉತ್ತರ ಹಂಚುತ್ತಾರೆ. ಕೇಳಿದಾಗ ಮಾತ್ರ ಮುಚ್ಚಿಡಬೇಡಿ. ನೀವು ಯಾರು, ಯಾಕೆ ಪ್ರತಿ ಗುರುವಾರ ಬರುತ್ತೀರಿ ಎಂದು ಒಬ್ಬಾತ ಕೇಳಿದರೆ, 'ಸುಮ್ಮನೆ, ಸಮಾಜಸೇವೆ' ಎಂದು ಜಾರಿಕೊಳ್ಳುವುದು ಸುಳ್ಳು. ನಾವು ಚರ್ಚಿನವರು, ಯೇಸು ನಮ್ಮನ್ನು ಪ್ರೀತಿಸಿದ್ದಾನೆಂದು ನಂಬಿದವರು, ಅದಕ್ಕೇ ಬರುತ್ತೇವೆ ಎನ್ನಿ. ಅಲ್ಲಿಗೆ ನಿಲ್ಲಿಸಿ. ಮುಂದಕ್ಕೆ ಕೇಳುವುದು ಬಿಡುವುದು ಅವನ ಇಷ್ಟ. ಅವನು ಎದ್ದು ಓಡಾಡುವಂತಾದ ಮೇಲೆ ಕೇಳಿದರೆ ಇನ್ನೂ ಒಳ್ಳೆಯದು.

ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಆಶ್ರಮ ನೋಡಿಕೊಳ್ಳುತ್ತಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನೂ 1999ರ ಜನವರಿಯಲ್ಲಿ ವಾಹನದಲ್ಲಿ ಮಲಗಿದ್ದಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆನೆಂದರು. ಆಮೇಲೆ ತಮ್ಮ ನಾಡು ಆಸ್ಟ್ರೇಲಿಯಾಕ್ಕೆ ವಿಮಾನ ಹತ್ತಲಿಲ್ಲ. 2004ರವರೆಗೆ ಅದೇ ಆಶ್ರಮದಲ್ಲಿ ಅದೇ ರೋಗಿಗಳ ಜತೆ ಇದ್ದರು. ಆ ಐದು ವರ್ಷ ಆಕೆ ಬಾಯಿಬಿಟ್ಟು ಏನು ಬೋಧಿಸಿದರೋ ಬಿಟ್ಟರೋ, ದೇಶ ಕೇಳಿಸಿಕೊಳ್ಳಬೇಕಾದ್ದನ್ನು ಕೇಳಿಸಿಕೊಂಡಿತು.

ಕೊಡುವುದನ್ನೇ ಹೇಳುತ್ತಿದ್ದೇನೆ, ತಗೊಳ್ಳುವುದನ್ನೂ ಹೇಳಬೇಕು. ಬಾವಿಯ ಹತ್ತಿರ ಒಬ್ಬ ಸಮಾರ್ಯದ ಹೆಂಗಸಿನ ಜತೆ ಯೇಸು ಮಾತು ಶುರುಮಾಡಿದ್ದು ಕುಡಿಯಲು ನೀರು ಕೊಡು ಎಂದು ಕೇಳಿ. ಅವಳಿಗೆ ಕೊಡುವ ಸ್ಥಾನ ಬಿಟ್ಟುಕೊಟ್ಟು. ನಮ್ಮ ಕೆಲವು ಮನೆಗಳಲ್ಲಿ ಯುಗಾದಿ ಹೋಳಿಗೆ ತಂದ ಪಕ್ಕದ ಮನೆಯವರನ್ನು ಬಾಗಿಲಲ್ಲೇ ನಿಲ್ಲಿಸಿ, ಪೂಜೆಗಿಟ್ಟದ್ದೋ ಎಂದು ವಿಚಾರಣೆ ಮಾಡುತ್ತಾರೆ. ನಮ್ಮ ಕೇಕನ್ನು ಮಾತ್ರ ಅವರು ಮರುಮಾತಿಲ್ಲದೆ ತಿನ್ನಬೇಕು! ತಗೊಳ್ಳಲು ಬಾರದವರು ಕೊಡುವುದರಲ್ಲಿ ಒಂದು ಬಿಗುಮಾನ ಇದ್ದೇ ಇರುತ್ತದೆ. ಮುಂದಿನ ರಂಜಾನಿಗೆ ಯಾರಾದರೂ ಸುರ್‌ಕುಂಬಾ ಕುಡಿಯಲು ಕರೆದರೆ ಹೋಗಿ, ಕುಡಿದು, ಚೆನ್ನಾಗಿದೆ ಎಂದು ಹೇಳಿ ಬನ್ನಿ.

ಇನ್ನು ಕೆಲಸದ ಮಾತು. ಡಿಸೆಂಬರಿನಲ್ಲಿ ಜಿಲ್ಲಾಸ್ಪತ್ರೆಗೆ ಹಣ್ಣು ತರುವ ಸಂಘ-ಸಂಸ್ಥೆಗಳಿಗೆ ಬರಗಾಲವಿಲ್ಲ. ಒಂದೇ ಮಂಚದ ಕೆಳಗೆ ಮೂರು ಸಂಘಗಳ ಬಾಳೆಹಣ್ಣು ಕೊಳೆಯುವುದನ್ನು ಕಂಡಿದ್ದೇನೆ. ಫೆಬ್ರವರಿಯಲ್ಲಿ ಯಾರೂ ಇರುವುದಿಲ್ಲ. ಡಯಾಲಿಸಿಸ್ ರೋಗಿಗೆ ವಾರಕ್ಕೆ ಎರಡೋ ಮೂರೋ ಸಲ ಬರಬೇಕು, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಚಿಕಿತ್ಸೆ ಬಿಟ್ಟಿ ಸಿಕ್ಕರೂ ಹಳ್ಳಿಯಿಂದ ಬರುವ ದಾರಿಖರ್ಚು, ಜತೆಗೆ ಬಂದವನ ಆ ದಿನದ ಕೂಲಿ ಹೋಗುತ್ತದೆ. ನಿಮ್ಮಲ್ಲಿ ಬೈಕು-ಕಾರು ಇರುವವರು ಸರದಿ ಹಾಕಿಕೊಂಡು ಒಬ್ಬ ರೋಗಿಯ ಓಡಾಟ ವಹಿಸಿಕೊಳ್ಳಿ. ಒಬ್ಬರೇ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ಭರವಸೆ ಕೊಟ್ಟು ಕೈಕೊಡುವುದಕ್ಕಿಂತ ಹೋಗದಿರುವುದು ಮೇಲು. ವೃದ್ಧಾಪ್ಯದ ಪಿಂಚಣಿ ಆಧಾರ್ ಜೋಡಣೆಯ ತಕರಾರಿಗೆ ನಿಂತುಹೋದ ಅಜ್ಜಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಬ್ಯಾಂಕು, ನಾಡಕಚೇರಿ ಎರಡಕ್ಕೂ ಜತೆಯಲ್ಲಿ ಹೋಗಿ ಕ್ಯೂನಲ್ಲಿ ನಿಲ್ಲುವುದು ಇಡೀ ದಿನದ ಕೆಲಸ, ಫೋಟೊಗೆ ಏನೂ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳು ಪರೀಕ್ಷೆ ಹತ್ತಿರ ಬಂದ ಹಾಗೆ ಬರೆಯುವವರನ್ನು ಹುಡುಕಿ ಅಲೆಯುತ್ತಾರೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಗೆ ಒಂದು ಮಧ್ಯಾಹ್ನ ಬಿಡುವು ಕೊಡಿ. ನೀವು ಕೂತಿರಿ, ಆಕೆ ಹೋಗಿ ಸಿನಿಮಾ ನೋಡಲಿ. ಮಗ್ಗುಲು ಬದಲಾಯಿಸುವುದು ಹೇಗೆಂದು ಮೊದಲು ಕಲಿತು ಹೋಗಿ, ಕಲಿಸುವ ನಿವೃತ್ತ ನರ್ಸ್‌ಗಳು ನಿಮ್ಮ ಸಭೆಯಲ್ಲೇ ಇದ್ದಾರೆ. ಒಳ್ಳೆಯ ಮನಸ್ಸಿಟ್ಟುಕೊಂಡು ಕೆಟ್ಟದಾಗಿ ಬ್ಯಾಂಡೇಜು ಕಟ್ಟಿದರೆ ಹುಣ್ಣಿಗೆ ನಿಮ್ಮ ಮನಸ್ಸು ಗೊತ್ತಾಗುವುದಿಲ್ಲ.

ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದಾಗ, ಕುಷ್ಠದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆಂದೇ ಜನ ನಂಬಿದ್ದರು. ಅವರು ಕೂತು ನೋಡಿದರು. ನೋವು ತಿಳಿಯದ ಕೈ ಬಿಸಿ ಪಾತ್ರೆ ಹಿಡಿಯುತ್ತದೆ, ಮುಳ್ಳು ಚುಚ್ಚಿದ್ದು ಗೊತ್ತಾಗದೆ ಕಾಲು ನಡೆಯುತ್ತಲೇ ಇರುತ್ತದೆ, ಹುಣ್ಣು ಆಗುವುದು ಹಾಗೆ. ಅಲ್ಲಿಂದ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡುವ ಕೆಲಸವೂ, ಮಡಚಿಹೋದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ಬಿಡಿಸುವ ಶಸ್ತ್ರಕ್ರಿಯೆಯೂ ಬೆಳೆದವು. ಭಕ್ತಿಯ ಮನೆಯಲ್ಲಿ ಬೆಳೆದ ಮನುಷ್ಯ. ಆದರೆ ಚಪ್ಪಲಿಯ ಅಳತೆಯಲ್ಲಿ ತಪ್ಪು ಮಾಡಲಿಲ್ಲ. ನಿಮ್ಮ ಸೇವಾಕಾರ್ಯದ ಸಮಿತಿಯಲ್ಲಿ ಅಂಥ ಅಳತೆಯ ಬುದ್ಧಿಯವರು ಒಬ್ಬಿಬ್ಬರಿರಲಿ.

ಕಡೆಯದಾಗಿ ರಕ್ತ. ಹದಿನೆಂಟು ದಾಟಿದವರು, 45 ಕಿಲೋ ತೂಗುವವರು, ಆರೋಗ್ಯವಂತರು ಕೊಡಬಹುದು: ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಡೆಂಗಿ ಹಬ್ಬಿದಾಗ ಪ್ಲೇಟ್‌ಲೆಟ್‌ಗಾಗಿ ಬಂಧುಗಳು ರಾತ್ರಿ ಕಾರಿಡಾರಿನಲ್ಲಿ ಫೋನು ಹಿಡಿದು ಅಳುತ್ತಾರೆ. ಅದು ಐದು ದಿನಕ್ಕಿಂತ ಹೆಚ್ಚು ಇಡಲು ಬರುವ ವಸ್ತುವಲ್ಲ, ಆಗಾಗ ಹೊಸದಾಗಿ ಬೇಕು. ಊರಿನ ರಕ್ತನಿಧಿಗೆ ನಿಮ್ಮ ಸಂಘದ ಎಲ್ಲರ ಹೆಸರು, ರಕ್ತದ ಗುಂಪು, ಮೊಬೈಲ್ ನಂಬರು ಬರೆದುಕೊಡಿ. ಕರೆ ಬಂದಾಗ ಎದ್ದು ಹೋಗಿ. ನಿಮ್ಮ ರಕ್ತ ಯಾರಿಗೆ ಹೋಯಿತೆಂದು ಅವರು ನಿಮಗೆ ಹೇಳುವುದಿಲ್ಲ, ಯಾರದ್ದು ಬಂತೆಂದು ರೋಗಿಗೂ ಹೇಳುವುದಿಲ್ಲ. ಈ ಏರ್ಪಾಡು ನನಗೆ ಬಹಳ ಇಷ್ಟ. ಕ್ರಿಸ್‌ಮಸ್‌ಗೆ ಮೊದಲೇ ಆ ಪಟ್ಟಿ ತಲುಪಿಸಿಬಿಡಿ. ಹಬ್ಬದ ವಾರ ಕಾಲೇಜುಗಳಿಗೆ ರಜೆ, ಶಿಬಿರ ಇರುವುದಿಲ್ಲ, ರಕ್ತನಿಧಿಯಲ್ಲಿ ದಾಸ್ತಾನು ತಳಕ್ಕೆ ಹೋಗಿರುತ್ತದೆ.

ಕರ್ತನ ಸೇವೆಯಲ್ಲಿ,
ನಿಮ್ಮ ಸಭೆಗಳ ಒಬ್ಬ ನಿವೃತ್ತ ನರ್ಸ್